ತಿರುವಿನಲ್ಲಿ ದಬ್ಬಿದ್ದು ಯಾರು

ಜಕ್ಕಲಿ
ತಾ. ೧೪-೮-೧೯೫೬

ದ್ಯಾಮಪ್ಪನಿಗೆ ನಿನ್ನ ವೈನಿ ಸಿದ್ದವ್ವ ಬರೆಯುವುದು.

ಇಲ್ಲಿ ಎಲ್ಲರೂ ಉಣ್ಣುತ್ತೇವೆ, ಮಲಗುತ್ತೇವೆ. ಅಲ್ಲಿ ನೀನೂ ಹಾಗೇ ಇರುವೆ ಎಂದುಕೊಂಡಿದ್ದೇನೆ. ನೀನು ನರಗುಂದದಲ್ಲಿ ಅರಳೆ ಗಿರಣಿಯ ಗೋದಾಮಿನಲ್ಲಿ ಇದ್ದೀ ಎಂದು ಲಾರಿ ಹೊಡೆಯುವ ಮೆಹಬೂಬಸುಭಾನಿ ಹೇಳಿದ. ವಿಳಾಸವನ್ನೂ ಅವನೇ ಕೊಟ್ಟ.

ದಿನಾಲು ಸಂಜೆ ದೀಪ ಹಚ್ಚಿದ ಮೇಲೆ ನಾನು ಒಂದೆರಡು ಸಾಲು ಬರೆದಿಡುತ್ತೇನೆ. ಮಳೆ ಬಂತು, ಎಮ್ಮೆ ಈಯಿತು, ಇಂಥವೇ. ನಿಮ್ಮಣ್ಣನವರು ಹೋದ ಮೇಲೆ ಹಿಡಿದ ರೂಢಿ. ಮುಲ್ಕಿ ಪರೀಕ್ಷೆಗೆ ಕೂಡದ ನನಗೆ ಅಷ್ಟೇ ಬರುತ್ತದೆ. ಇವತ್ತಿನ ಮಾತು ಎರಡು ಸಾಲಿನಲ್ಲಿ ಹಿಡಿಯಲಿಲ್ಲ, ಅದಕ್ಕೆ ಈ ಪತ್ರ.

ನಿನ್ನೆ ನಿಮ್ಮ ಕಾಕಾ ಪ್ರಭುಲಿಂಗಪ್ಪನವರು ಬಂದು ಕಟ್ಟೆಯ ಮೇಲೆ ಕೂತರು. ಬರುವ ಶಿವರಾತ್ರಿಯ ಮರುವಾರ ನಿಮ್ಮಣ್ಣನವರ ವರ್ಷದ ಪೂಜೆ. ಸಮಾಧಿಗೆ ನೀರು ಹಾಕಬೇಕಾದವನು ತಮ್ಮನಾದ ನೀನು. ಆದರೆ ಅದಕ್ಕೂ ಮೊದಲು ನೀನು ಇಟಗಿ ಭೀಮವ್ವನ ಗುಡಿಗೆ ಹೋಗಿ, ಹೊಸ್ತಿಲು ಮುಟ್ಟಿ, ಹಿರಿಯರ ಮುಂದೆ ನಾನು ಅಣ್ಣನನ್ನು ದಬ್ಬಿಲ್ಲ ಎಂದು ಆಣೆ ಮಾಡಬೇಕಂತೆ. ಮಾಡದಿದ್ದರೆ ಈ ಮನೆಯೊಳಗೆ ನಿನಗೆ ಕಾಲಿಡಗೊಡುವುದಿಲ್ಲವಂತೆ.

ಮಣ್ಣು ಮಾಡಿದ ದಿನ ಎಲ್ಲರ ಎದುರಿಗೆ ನೀನು ಅಳುತ್ತಾ, "ನನ್ನ ಮೈ ಅಣ್ಣನ್ನ ದಬ್ಬತು" ಅಂದೆ. ಹಾಗೆಂದರೇನು ಎಂದು ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನೀನು ಊರಲ್ಲಿ ಇರಲಿಲ್ಲ. ಇಬ್ಬರು ಅಣ್ಣತಮ್ಮಂದಿರು, ಒಂದು ಹೊಲ. ಉಳಿದದ್ದನ್ನು ಊರೇ ಜೋಡಿಸಿಕೊಂಡಿತು.

ನಾನೂ ಕೇಳಲಿಲ್ಲ. ಈಗ ಕೇಳುತ್ತೇನೆ. ಅರಳೆ ಹೇರಿದ ಲಾರಿಯ ಮೇಲೆ ಇಬ್ಬರೂ ಕೂತು ಗಜೇಂದ್ರಗಡಕ್ಕೆ ಹೋದಿರಿ. ಗುಡ್ಡದ ತಿರುವಿನಲ್ಲಿ ಏನಾಯಿತು? ನನ್ನನ್ನು ಸಮಾಧಾನ ಮಾಡಲು ಬರೆಯಬೇಡ. ಇದ್ದದ್ದು ಇದ್ದ ಹಾಗೆ ಬರೆ. ನಾನು ಈ ಮನೆಗೆ ಬಂದಾಗ ನೀನು ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದೆ. ನನ್ನ ಹತ್ತಿರ ನಿನಗೆ ಸುಳ್ಳು ಹೇಳಲು ಬರುವುದಿಲ್ಲ.

ಸಿದ್ದವ್ವ


ನರಗುಂದ
ತಾ. ೨-೯-೧೯೫೬

ವೈನಿಯವರಿಗೆ ದ್ಯಾಮಪ್ಪನ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಓದಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅಣ್ಣ ಹೇರಿನ ಎಡಗಡೆ ಅಂಚಿಗೆ ಕೂತಿದ್ದ. ನಾನು ಅವನ ಬಲಕ್ಕೆ. ನನ್ನ ಬಲಗೈಯಲ್ಲಿ ಹೇರಿಗೆ ಬಿಗಿದ ಹಗ್ಗ ಇತ್ತು. ಗಾಳಿಗೆ ಅಣ್ಣನ ರುಮಾಲು ಬಿಚ್ಚಿತು. ಹಗ್ಗ ಬಿಟ್ಟು ಎರಡೂ ಕೈಯಿಂದ ಸುತ್ತಿಕೊಳ್ಳತೊಡಗಿದ. ಹಿಡಕೋ ಅಂದೆ. "ಏ ಹುಡುಗಾ, ನೀ ಹುಟ್ಟೂಕಿಂತ ಮೊದಲಿಂದ ಹೇರಿನ ಮ್ಯಾಲ ಕುಂತೀನಿ" ಅಂದು ನಕ್ಕ. ಅದೇ ಅವನ ಕಡೆಯ ಮಾತು.

ಅಷ್ಟರಲ್ಲಿ ಲಾರಿ ಬಲಕ್ಕೆ ಹೊರಳಿತು. ಯಾರೋ ನನ್ನನ್ನು ಬಲಗಡೆಯಿಂದ ಜೋರಾಗಿ ದಬ್ಬಿದರು. ವೈನಿ, ನನ್ನ ಬಲಕ್ಕೆ ಯಾರೂ ಇರಲಿಲ್ಲ. ಚೀಲದ ಮೇಲೆ ನಾನು ಅಣ್ಣನ ಕಡೆಗೆ ಜಾರಿದೆ. ನನ್ನ ಭುಜ ಅವನಿಗೆ ತಾಗಿತು. ಎಡಗೈ ಅವನ ಬೆನ್ನಿನ ಹತ್ತಿರ ಇತ್ತು. ಮತ್ತೆ ನೋಡಿದರೆ ಅವನು ಇರಲಿಲ್ಲ. ನಡುವೆ ಆ ಕೈ ಏನು ಮಾಡಿತು ಎಂಬುದು ಎಷ್ಟು ನೆನೆಸಿದರೂ ನನಗೆ ಬರುವುದಿಲ್ಲ.

ನನ್ನನ್ನು ದಬ್ಬಿದವರು ಯಾರೇ ಇರಲಿ, ಅವನಿಗೆ ತಾಗಿದ್ದು ನನ್ನ ಮೈ. ದಬ್ಬಿಲ್ಲ ಎಂದು ಭೀಮವ್ವನ ಹೊಸ್ತಿಲು ಮುಟ್ಟಿ ಹೇಗೆ ಹೇಳಲಿ? ಕಾಕಾನ ಸಿಟ್ಟನ್ನು ತಡೆದುಕೊಳ್ಳಬಲ್ಲೆ. ಸುಳ್ಳು ಆಣೆ ನನ್ನಿಂದ ಆಗದು.

ನಿಮ್ಮ ಮೈದುನ
ದ್ಯಾಮಪ್ಪ


ಜಕ್ಕಲಿ
ತಾ. ೨೫-೯-೧೯೫೬

ದ್ಯಾಮಪ್ಪನಿಗೆ,

ನಿನ್ನ ಪತ್ರ ಬಂದದ್ದು ಟಪಾಲಿನವನಿಂದ ಕಾಕಾಗೆ ತಿಳಿದಿತ್ತು. ಓದು ಎಂದು ಎದುರಿಗೆ ಕೂತರು. ರುಮಾಲಿನ ತನಕ ಓದಿ ನಿಲ್ಲಿಸಿದೆ. ಆಣೆಯ ಮಾತು ಏನು ಬರೆದಿದ್ದಾನೆ ಎಂದು ಕೇಳಿದರು. ಆಗುವುದಿಲ್ಲ ಅಂದಿದ್ದಾನೆ ಎಂದೆ. ಅವರು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದರು. "ಆಣಿ ಮಾಡಾಕ ನಾಲಿಗಿ ಏಳವಲ್ದು ಅಂದ್ರ, ಅವತ್ತ ಕೈ ಎದ್ದಿರಬೇಕು" ಅಂದು ಹೋದರು.

ಯಾರೋ ದಬ್ಬಿದರು, ಯಾರೂ ಇರಲಿಲ್ಲ ಎಂದು ಬರೆದಿದ್ದೀ. ಓಣಿಯ ಹೆಂಗಸರಿಗೆ ಈ ಮಾತು ಸಿಕ್ಕರೆ ತಿರುವಿನಲ್ಲಿ ದೆವ್ವ ಇದೆ ಎಂದು ತೆಂಗಿನಕಾಯಿ ಒಡೆಸುತ್ತಾರೆ. ನನಗೆ ದೆವ್ವ ಬೇಡ. ದೆವ್ವ ಬಂತೆಂದರೆ ಯಾರೂ ಯಾವುದಕ್ಕೂ ಉತ್ತರ ಕೊಡಬೇಕಾಗಿಲ್ಲ.

ಒಂದು ಮಾತು ಬಿಚ್ಚಿ ಬರೆಯುತ್ತೇನೆ. ಕಣ್ಣು ಮುಚ್ಚಿದರೆ ನಿಮ್ಮಣ್ಣನವರ ಬೆನ್ನು ಕಾಣುತ್ತದೆ. ಆ ಬೆನ್ನಿನ ಮೇಲೆ ಒಂದು ಕೈ. ಕೆಲವು ದಿನ ಅದನ್ನು ನಿನ್ನ ಕೈ ಮಾಡುತ್ತೇನೆ, ಕೆಲವು ದಿನ ನಾಚಿ ಹಿಂದಕ್ಕೆ ತೆಗೆಯುತ್ತೇನೆ. ಹೀಗೆ ಎಷ್ಟು ದಿನ ಇರುವುದು? ನನಗೆ ತಿಳಿಯಬೇಕು.

ಸಿದ್ದವ್ವ


ನರಗುಂದ
ತಾ. ೪-೧೧-೧೯೫೬

ವೈನಿಯವರಿಗೆ ನಮಸ್ಕಾರಗಳು.

ಒಂದನೇ ತಾರೀಖು ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವೆಂದು ಇಲ್ಲಿ ಶಾಲೆಯ ಹುಡುಗರ ಮೆರವಣಿಗೆ ಆಯಿತು. ಗಿರಣಿಗೆ ರಜೆ ಇತ್ತು. ಚಹಾದ ಅಂಗಡಿಯಲ್ಲಿ ಅಬ್ದುಲಮಜೀದ ಮಾಸ್ತರರ ಜೊತೆ ಕೂತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, ನನಗೆ ಓದಲು ವರ್ತಮಾನಪತ್ರ ಕೊಡುತ್ತಾರೆ. ಏಕೋ ಏನೋ, ಅವರ ಮುಂದೆ ಎಲ್ಲ ಹೇಳಿದೆ.

ಅವರು ಚಹಾದ ಬಸಿಯನ್ನು ಒರೆಸಿ, ಅದರ ಮೇಲೆ ಒಂದು ಪುಠಾಣಿ ಕಾಳು ಇಟ್ಟು ಬಸಿಯನ್ನು ಗರಕ್ಕನೆ ತಿರುಗಿಸಿದರು. ಕಾಳು ಹಾರಿ ಹೋಯಿತು. ಯಾರು ದಬ್ಬಿದರು ಎಂದು ಕೇಳಿದರು. ಬಸಿ ಎಂದೆ. ಅಲ್ಲವಂತೆ. ಕಾಳು ಆ ಗಳಿಗೆ ಯಾವ ದಿಕ್ಕಿಗೆ ಹೊರಟಿತ್ತೋ ಅದೇ ದಿಕ್ಕಿಗೆ ನೆಟ್ಟಗೆ ಹೋಯಿತು, ಬಸಿ ಅದರ ಕೆಳಗಿಂದ ತಿರುಗಿಕೊಂಡಿತು, ಅಷ್ಟೇ ಅಂತೆ.

ಖರೇ ಇರುವ ಯಾವ ಬಲಕ್ಕೂ ಒಬ್ಬ ಧಣಿ ಇರುತ್ತಾನೆ ಅಂದರು. ಹಗ್ಗ ಎಳೆದರೆ ಹಗ್ಗ, ಎತ್ತು ಎಳೆದರೆ ಎತ್ತು, ಕೈ ದಬ್ಬಿದರೆ ಕೈ. ತಿರುವಿನಲ್ಲಿ ಹೊರಗೆ ದಬ್ಬುವುದಕ್ಕೆ ಧಣಿಯೇ ಇಲ್ಲ. ತಿರುಗುವುದರ ಮೇಲೆ ಕೂತವನು ತಾನು ತಿರುಗುತ್ತಿಲ್ಲ ಎಂದೇ ತಿಳಿದಿರುತ್ತಾನೆ. ಹಾಗಾಗಿ ಅವನ ಲೆಕ್ಕ ಕೂಡಿಬರಲು ಅಂಥದೊಂದು ಬಲವನ್ನು ತಾನೇ ಸೇರಿಸಿಕೊಳ್ಳಬೇಕಾಗುತ್ತದೆ. ಕೆಳಗೆ ನೆಲದ ಮೇಲೆ ನಿಂತವನ ಲೆಕ್ಕಕ್ಕೆ ಅದು ಬೇಡ. ಪುಸ್ತಕದಲ್ಲಿ ಅದನ್ನು ಮಿಥ್ಯಾಬಲ ಎನ್ನುತ್ತಾರಂತೆ.

ನನಗೆ ಸಿಟ್ಟು ಬಂತು ವೈನಿ. "ಇಲ್ಲದ್ದು ಬಂದು ನಮ್ಮಣ್ಣನ್ನ ಕೊಂತೇನ್ರಿ?" ಎಂದು ಕೇಳಿದೆ. ಮಾಸ್ತರರು ಬಸಿಯನ್ನು ಪಕ್ಕಕ್ಕೆ ಸರಿಸಿದರು. "ಕೊಂದದ್ದು ನೆಲ, ದ್ಯಾಮಪ್ಪ" ಅಂದರು.

ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೆ ಕೋಣೆಗೆ ಬಂದು ಕೂತಾಗ ನನಗೆ ಬೇರೆಯೇ ಹೊಳೆಯಿತು. ಇಷ್ಟು ದಿನ ನನ್ನನ್ನು ಯಾರೋ ದಬ್ಬಿದರು ಎಂಬುದೊಂದು ಆಸರೆ ಇತ್ತು. ಅದು ಮಿಥ್ಯ ಅಂತಾದರೆ, ಆ ಹೇರಿನ ಮೇಲೆ ಖರೇ ಇದ್ದದ್ದು ನನ್ನ ಕೈ ಒಂದೇ.

ದ್ಯಾಮಪ್ಪ


ಜಕ್ಕಲಿ
ತಾ. ೩೦-೧೨-೧೯೫೬

ದ್ಯಾಮಪ್ಪನಿಗೆ,

ಜೋಳ ಹಾಲುಗಾಳಾಗಿದೆ. ಹಕ್ಕಿಯ ಕಾಟ. ಮುಂಜಾನೆಯಿಂದ ಅಟ್ಟದ ಮೇಲೆ ಕವಣೆ ಹಿಡಿದು ನಿಲ್ಲುತ್ತೇನೆ. ನಿಮ್ಮ ಮಾಸ್ತರರ ಮಾತು ತಲೆಯಲ್ಲಿ ಇತ್ತು, ಉತ್ತರ ಬರೆಯಲು ಆಗಿರಲಿಲ್ಲ.

ಕವಣೆ ತಿರುಗಿಸುವಾಗ ಕಲ್ಲು ನನ್ನ ಕೈಯನ್ನು ಹೊರಗೆ ಜಗ್ಗಿದ ಹಾಗೆ ಅನಿಸುತ್ತದೆ. ಹಾಗೆ ಹೊರಗೆ ಓಡುವ ಕಲ್ಲಾಗಿದ್ದರೆ, ಅದು ಹಕ್ಕಿಯ ಎದುರಿಗೆ ಬಂದಾಗ ಬಿಡಬೇಕಿತ್ತು. ಆದರೆ ನಾನು ಎಂದೂ ಹಾಗೆ ಬಿಡುವುದಿಲ್ಲ. ಕಲ್ಲು ನನ್ನ ಪಕ್ಕಕ್ಕೆ ಇದ್ದಾಗಲೇ ಬಿಡುತ್ತೇನೆ, ಅದು ನೆಟ್ಟಗೆ ಮುಂದೆ ಹೋಗುತ್ತದೆ. ಸಣ್ಣವಳಿದ್ದಾಗಿನಿಂದ ಕೈ ಇದನ್ನು ಮಾಡುತ್ತಿತ್ತು, ನಾನು ನೋಡಿರಲಿಲ್ಲ. ಕಲ್ಲು ನನ್ನನ್ನು ಬಿಟ್ಟು ಓಡಲು ನೋಡುವುದಿಲ್ಲ. ನೆಟ್ಟಗೆ ಹೋಗಲು ನೋಡುತ್ತದೆ. ಸುತ್ತ ತಿರುಗು ಎಂದು ಒಳಗೆ ಎಳೆಯುತ್ತಿರುವವಳು ನಾನು.

ನಿಮ್ಮ ಮಾಸ್ತರರು ನೆಲದ ಮೇಲೆ ನಿಂತವನ ಲೆಕ್ಕ ಬೇರೆ ಅಂದರಲ್ಲ. ನೀನು ಹೇರಿನ ಮೇಲೆ ಕೂತವನು. ಮೆಹಬೂಬಸುಭಾನಿ ಲಾರಿ ಹೊಡೆಯುತ್ತಾ ಮುಂದೆ ನೋಡುತ್ತಿದ್ದವನು. ಅವತ್ತು ಆ ತಿರುವಿನಲ್ಲಿ ನೆಲದ ಮೇಲೆ ಯಾರು ನಿಂತಿದ್ದರು? ಇಷ್ಟು ಮಂದಿ ಇಷ್ಟು ಮಾತಾಡಿದರು, ಇದನ್ನು ಯಾರೂ ಕೇಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಗಜೇಂದ್ರಗಡದ ಸಂತೆಯ ನೆಪ ಮಾಡಿ ಹೋಗುತ್ತೇನೆ.

ಸಿದ್ದವ್ವ


ಜಕ್ಕಲಿ
ತಾ. ೨೧-೧-೧೯೫೭

ದ್ಯಾಮಪ್ಪನಿಗೆ,

ಹೋಗಿ ಬಂದೆ. ಒಬ್ಬಳನ್ನೇ ಕಳಿಸಲು ಒಪ್ಪದೆ ಕಾಕಾ ತಾವೇ ಬಂಡಿ ಹೂಡಿಕೊಂಡು ಬಂದರು. ತಿರುವಿನ ಹತ್ತಿರ ಆಡು ಮೇಯಿಸುವ ಮಾಯವ್ವ ಎಂಬವಳು ಸಿಕ್ಕಳು. ದಿನಾಲು ಅಲ್ಲೇ ಇರುತ್ತಾಳೆ, ಅವತ್ತೂ ಇದ್ದಳು. ಯಾರಾದರೂ ಬಂದು ಕೇಳುತ್ತಾರೆ ಎಂದು ಕೆಲವು ದಿನ ಕಾದಳಂತೆ, ಆಮೇಲೆ ಬಿಟ್ಟಳಂತೆ.

ನಾನು ಯಾರೆಂದು ಹೇಳಿದೆ. ಅವಳು ಕೋಲು ಕೆಳಗಿಟ್ಟು ನನ್ನ ಕೈ ಹಿಡಿದಳು.

"ನಾ ಇಲ್ಲೇ ಕೆಳಗ ನಿಂತಿದ್ನೆವ್ವಾ. ಲಾರಿ ಹೊಳ್ಳಿತು. ಅಂವ ಹೊಳ್ಳಲಿಲ್ಲ. ಅಷ್ಟ."

ಅಲ್ಲೇ ನಿಂತು ಅವರು ಬಿದ್ದ ಜಾಗ ತೋರಿಸಿದಳು. ಅಲ್ಲಿಂದ ಹಿಂದಿರುಗಿ ರಸ್ತೆಯನ್ನು ನೋಡಿದೆ. ತಿರುವಿನ ತನಕ ಬಂದ ರಸ್ತೆ ಕೂರಿಗೆಯ ಸಾಲಿನ ಹಾಗೆ ನೆಟ್ಟಗಿತ್ತು, ಆ ಸಾಲನ್ನು ಹೊಲದೊಳಗೆ ಮುಂದಕ್ಕೆ ಎಳೆದರೆ ಈ ಜಾಗಕ್ಕೆ ಬರುತ್ತಿತ್ತು. ಕಾಕಾನಿಗೂ ತೋರಿಸಿದೆ. ಒಂದು ಮಾರು ಅತ್ತಿತ್ತ ಆದರೆ ಯಾರಿಗೆ ತಿಳಿಯುತ್ತದೆ ಅಂದರು. ಆ ಮಾತೂ ಸುಳ್ಳಲ್ಲ.

ಆಮೇಲೆ ಅವರು ಮಾಯವ್ವನನ್ನು ನಿನ್ನ ಬಗ್ಗೆ ಕೇಳಿದರು. ಮೇಲೆ ಇದ್ದ ಇನ್ನೊಬ್ಬ ಕೈ ಚಾಚಿದ್ದ ಎಂದು ಅವಳು ತನ್ನ ಕೈಯನ್ನು ಉದ್ದಕ್ಕೆ ನೀಡಿ ತೋರಿಸಿದಳು. ಕಾಕಾ ನನ್ನ ಮುಖ ನೋಡಿದರು. ದಬ್ಬಲಿಕ್ಕೋ ಹಿಡಿಯಲಿಕ್ಕೋ ಎಂದು ಕೇಳಿದೆ.

"ಚಾಚಿದ ಕೈ ಎರಡಕ್ಕೂ ಒಂದ ಥರಾ ಕಾಣತೈತಿ ತಂಗಿ. ನಾ ಕಂಡದ್ದಷ್ಟ ಹೇಳತೀನಿ" ಅಂದಳು.

ಬಂಡಿಯಲ್ಲಿ ಬರುವಾಗ, ಊರು ಕಂಡ ಮೇಲೆ, ಇನ್ನು ಆಣೆ ಮಾಡಿದರೂ ಪಂಚರು ನಂಬುವುದು ಕಷ್ಟ ಎಂದು ಕಾಕಾ ಅಂದರು. ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಇದ್ದದ್ದು ಇದ್ದ ಹಾಗೆ ಎಂದು ಮೊದಲು ಕೇಳಿದವಳು ನಾನೇ, ಅದಕ್ಕೆ ಬರೆದೆ.

ಸಿದ್ದವ್ವ


ನರಗುಂದ
ತಾ. ೨-೨-೧೯೫೭

ವೈನಿಯವರಿಗೆ,

ಕೈ ಚಾಚಿದ್ದು ನಿಜವಾಯಿತು. ಇನ್ನು ಯಾರನ್ನೂ ಕೇಳಬೇಡಿರಿ. ನಾನು ಪೂಜೆಗೆ ಬರುವುದಿಲ್ಲ. ನೀರು ಕಾಕಾ ಹಾಕಲಿ. ಹೊಲವನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿರಿ, ಎಲ್ಲಿ ಹೇಳಿದರೆ ಅಲ್ಲಿ ರುಜು ಮಾಡುತ್ತೇನೆ.

ದ್ಯಾಮಪ್ಪ


ಜಕ್ಕಲಿ
ತಾ. ೧೭-೨-೧೯೫೭

ದ್ಯಾಮಪ್ಪನಿಗೆ,

ಹೊಲದ ಮಾತಿಗೆ ಉತ್ತರ ಬರೆಯುವುದಿಲ್ಲ.

ಈ ವರ್ಷದ ಮೊದಲ ಅರಳೆ ಬಿಡಿಸಿದ್ದಾಯಿತು. ಮೆಹಬೂಬಸುಭಾನಿ ಹೇರು ತುಂಬಲು ಬಂದ. ನಾನೂ ಮೇಲೆ ಕೂಡುತ್ತೇನೆ ಎಂದೆ. ಬಿಡಿಸುವ ಆಳುಗಳು ಕೂಡುವುದಿಲ್ಲವೇ, ನನಗೇನು? ಅವನು ಬೇಡವೆಂದು ಎಷ್ಟೋ ಹೇಳಿದ. ಕಡೆಗೆ ಹಗ್ಗದ ಒಂದು ತುದಿಯನ್ನು ನನ್ನ ನಡುವಿಗೆ ತಾನೇ ನಿಂತು ಬಿಗಿಸಿದ. ಅವತ್ತಿನಿಂದ ಅವನು ಆ ತಿರುವಿನಲ್ಲಿ ಎತ್ತಿನ ಬಂಡಿಯ ಹಾಗೆ ಹೋಗುತ್ತಾನೆ. ಅವತ್ತು ಹೊಡೆದ ಹಾಗೇ ಇವತ್ತೊಂದು ಸಲ ಹೊಡೆ ಎಂದು ಕೇಳಿಕೊಂಡೆ.

ಹೇರಿನ ಮೇಲೆ ನಾನೊಬ್ಬಳೇ. ಎಡಕ್ಕೆ ಬುತ್ತಿಯ ಗಂಟು ಇಟ್ಟುಕೊಂಡಿದ್ದೆ. ಗುಡ್ಡ ಹತ್ತಿರ ಬಂತು. ಲಾರಿ ಹೊರಳಿತು. ಯಾರೋ ನನ್ನನ್ನು ಬಲಗಡೆಯಿಂದ ದಬ್ಬಿದರು.

ದ್ಯಾಮಪ್ಪ, ನಾನು ಹೊರಳಿ ನೋಡಿದೆ. ಯಾರೂ ಇರುವುದಿಲ್ಲ ಎಂದು ಗೊತ್ತಿದ್ದೂ ನೋಡಿದೆ. ಅಷ್ಟು ಖರೇ ಇತ್ತು ಅದು. ಬುತ್ತಿಯ ಗಂಟು ನನಗಿಂತ ಮೊದಲೇ ಸರಿದು ಅಂಚು ದಾಟಿ ಹೋಯಿತು. ನಾನು ಅದನ್ನು ಮುಟ್ಟಿರಲಿಲ್ಲ. ನನ್ನ ಮೈ ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಹಗ್ಗ ಬಿಗಿದು ನನ್ನನ್ನು ಲಾರಿಯ ಜೊತೆ ತಿರುಗಿಸಿತು. ಒಳಗೆ ಎಳೆದ ಹಗ್ಗದ ಗುರುತು ನಡುವಿನ ಸುತ್ತ ಕೆಂಪಗೆ ಈಗಲೂ ಇದೆ. ಹೊರಗೆ ದಬ್ಬಿದ್ದರ ಗುರುತು ಮೈಮೇಲೆ ಎಲ್ಲಿಯೂ ಇಲ್ಲ.

ಲಾರಿ ನಿಂತ ಮೇಲೆ ಮೆಹಬೂಬಸುಭಾನಿ ಹತ್ತಿ ಬಂದು ನಾನು ಇದ್ದೇನೋ ಇಲ್ಲವೋ ನೋಡಿದ. ನಾನು ಅಳುತ್ತಿದ್ದೆ. ಹೆದರಿ ಅಲ್ಲ. ಇಷ್ಟು ದಿನ ಆ ಬೆನ್ನಿನ ಹಿಂದೆ ಯಾರಾದರೂ ಒಬ್ಬರು ಇದ್ದರು. ನೀನಾದರೂ, ದೆವ್ವವಾದರೂ. ಸಿಟ್ಟು ಮಾಡಲು ಒಂದು ಮುಖ ಇತ್ತು. ಈಗ ಅಲ್ಲಿ ಯಾರೂ ಇಲ್ಲ. ಅವರು ನೆಟ್ಟಗೆ ಹೋದರು, ಉಳಿದ ನಾವೆಲ್ಲ ಹೊರಳಿದೆವು.

ನಿನ್ನ ಕೈಯ ಮಾತು ನನಗೆ ತಿಳಿಯದು. ಅದು ಮಾಯವ್ವನಿಗೂ ತಿಳಿಯದು, ಮಾಸ್ತರರಿಗೂ ತಿಳಿಯದು. ಭುಜ ತಾಗಿತು ಎಂದೆಯಲ್ಲ, ಅದನ್ನು ಇವತ್ತಿನಿಂದ ಮನಸ್ಸಿನಿಂದ ತೆಗೆದುಹಾಕು. ಅವರೂ ನೀನೂ ಒಟ್ಟಿಗೇ ಜಾರಿದಿರಿ. ನಿನ್ನನ್ನು ಹಗ್ಗ ಹಿಡಿಯಿತು.

ಕಾಕಾನಿಗೆ ಎಲ್ಲ ಹೇಳಿದೆ. ಲಾರಿ ಹತ್ತಿದ ಸೊಸೆಯ ಮಾತನ್ನು ಪಂಚರ ಮುಂದೆ ಹೇಗೆ ಹೇಳಲಿ ಎಂದು ಬೈದರು. ಆದರೆ ಬಹಳ ಹೊತ್ತು ಕೂತಿದ್ದರು, ಚಹಾ ಕೇಳಿ ಕುಡಿದರು. ಆಣೆ ಬೇಕು ಅನ್ನುವುದನ್ನು ಅವರು ಬಿಟ್ಟಿಲ್ಲ. ನಾನು ಬಿಟ್ಟಿದ್ದೇನೆ. ನನ್ನ ಕಡೆಯಿಂದ ಬಾಗಿಲು ತೆರೆದಿದೆ.

ಸಿದ್ದವ್ವ


ಗಜೇಂದ್ರಗಡ
ತಾ. ೨೬-೨-೧೯೫೭

ವೈನಿಯವರಿಗೆ ನಮಸ್ಕಾರಗಳು.

ಊರು ಬೇರೆ ಬರೆದಿದೆ ಎಂದು ಗಾಬರಿಯಾಗಬೇಡಿರಿ. ಗಿರಣಿಯಲ್ಲಿ ಹೇಳಿ ರೋಣಕ್ಕೆ ಬಂದೆ. ಅಲ್ಲಿ ಮೆಹಬೂಬಸುಭಾನಿಯ ಲಾರಿ ನಿಂತಿತ್ತು. ಹೇರಿನ ಮೇಲೆ ಕೂಡುತ್ತೇನೆ ಎಂದಾಗ ಅವನು ಹಣೆ ಬಡಿದುಕೊಂಡ. "ನಿಮ್ಮ ಮನ್ಯಾಗ ಎಲ್ಲಾರಿಗೂ ಇದ ಹುಚ್ಚೇನೋ ಮಾರಾಯ" ಅಂದ. ಆದರೂ ಹತ್ತಿಸಿಕೊಂಡ.

ಮೇಲೆ ಮೊದಲೇ ಒಬ್ಬ ಕೂತಿದ್ದ. ದೇವಪ್ಪ ಅಂತ, ಇಲ್ಲಿಯ ಹಮಾಲ. ಎಡಗಡೆ ಅಂಚಿಗೆ ಕೂತು ಹಗ್ಗ ಹಿಡಿದು ಬೀಡಿ ಸೇದುತ್ತಿದ್ದ. ಅವನ ಬಲಕ್ಕೆ ಕೂತೆ. ನನ್ನ ಬಲಗೈಯಲ್ಲಿ ಹಗ್ಗ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ತನ್ನ ಬೀಗರನ್ನು ಬೈಯುತ್ತಿದ್ದ.

ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಏನೂ ಮಾಡಬಾರದು, ನೋಡಬೇಕು ಅಷ್ಟೇ ಎಂದು ಗಟ್ಟಿ ಮಾಡಿಕೊಂಡಿದ್ದೆ. ಲಾರಿ ಹೊರಳಿತು. ನೀವು ಬರೆದ ಹಾಗೇ ಬಲಗಡೆಯಿಂದ ದಬ್ಬಿದರು. ನಾನು ಹೊರಳಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ.

"ಏ ತಮ್ಮಾ, ಅಂಗಿ ಬಿಡೋ. ಹರೀತೈತಿ" ಎಂದು ದೇವಪ್ಪ ಕೂಗಿದ.

ಕಣ್ಣು ತೆರೆದು ನೋಡಿದರೆ ನನ್ನ ಎಡಗೈ ಅವನ ಅಂಗಿಯನ್ನು ಬೆನ್ನಿನ ಹತ್ತಿರ ಮುಷ್ಟಿ ಮಾಡಿ ಹಿಡಿದಿತ್ತು. ಹಿಡಿ ಎಂದು ನಾನು ಹೇಳಿರಲಿಲ್ಲ. ಬಿಡು ಎಂದು ಅವನು ಮತ್ತೊಮ್ಮೆ ಹೇಳಿದ. ಬಿಡಲು ಬರಲಿಲ್ಲ ವೈನಿ. ಅವನೇ ಒಂದೊಂದಾಗಿ ಬೆರಳು ಬಿಡಿಸಿದ. ಬಿಡಿಸುತ್ತಾ ನನ್ನ ಮುಖ ನೋಡಿ ಬೈಯುವುದನ್ನು ನಿಲ್ಲಿಸಿದ. ತನ್ನ ಬೀಡಿಯನ್ನು ನನಗೆ ಕೊಟ್ಟ.

ಈ ಪತ್ರವನ್ನು ಮೆಹಬೂಬಸುಭಾನಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ರಾತ್ರಿ ಇಲ್ಲಿಯ ಧರ್ಮಶಾಲೆಯಲ್ಲಿ ಇರುತ್ತೇನೆ. ನಾಳೆ ನಡೆದುಕೊಂಡು ಇಟಗಿಗೆ ಹೋಗುತ್ತೇನೆ. ಹಿರಿಯರನ್ನು ಕರೆದುಕೊಂಡು ನಾಡಿದ್ದು ಗುಡಿಗೆ ಬರಬೇಕೆಂದು ಕಾಕಾನಿಗೆ ಹೇಳಿರಿ. ಅವರು ಹೇಳಿಕೊಟ್ಟ ಮಾತು ನಾನು ಆಡುವುದಿಲ್ಲ. ನನ್ನದೇ ಮಾತು ಇದೆ. ಹೊಸ್ತಿಲು ಮುಟ್ಟಿ ಅದನ್ನೇ ಹೇಳುತ್ತೇನೆ: ಹಿಡಿಯಾಕ ಹೋಗಿದ್ದೆ, ಸಿಗಲಿಲ್ಲ.

ನಿಮ್ಮ ಮೈದುನ
ದ್ಯಾಮಪ್ಪ